ದೊಡ್ಡಮ್ಮ ಬಾಯಿ ಮುಚ್ಚಿಕೊಂಡ ಭಾನುವಾರ

ನನ್ನ ದೊಡ್ಡಮ್ಮ ಸುಮ್ಮನೆ ಕೂರುವ ಜೀವವಲ್ಲ. ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದಾಗ ಒಂದು ಬ್ಲಾಕಿನ ಸುದ್ದಿ ಇನ್ನೊಂದು ಬ್ಲಾಕಿಗೆ ತಲುಪುತ್ತಿದ್ದುದೇ ಅವರ ಮೂಲಕ. ದೊಡ್ಡಪ್ಪ ತೀರಿಕೊಂಡ ಮೇಲೆ ಆರ್.ಟಿ. ನಗರದ ನಮ್ಮ ಮನೆಗೆ ಬಂದರು. ಬಂದ ವಾರದಲ್ಲೇ ಪಕ್ಕದ ಮನೆಯ ಆಪಾ ಜೊತೆ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿಕೊಂಡು ಹರಟೆ ಶುರು. ಆಪಾ ಉರ್ದು ಬೆರೆಸಿ ಮಾತಾಡಿದರೆ ಇವರು ಕನ್ನಡದಲ್ಲೇ ಜವಾಬು ಕೊಡುತ್ತಿದ್ದರು. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು.

ಇಂಥ ದೊಡ್ಡಮ್ಮನಿಗೆ ಒಂದೇ ಒಂದು ಹೆದರಿಕೆ. ಚರ್ಚಿನ ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದ, ಆ ತೆಳ್ಳನೆಯ ಬಿಳಿ ರೊಟ್ಟಿ, ಯೇಸುವಿನ ಶರೀರವೇ ಎಂದು ನಾವು ಕಥೋಲಿಕರು ನಂಬುತ್ತೇವೆ. ಅದನ್ನು ಹಲ್ಲಿಗೆ ತಾಗಿಸಿದರೆ ಯೇಸುಸ್ವಾಮಿಗೆ ನೋವಾಗುತ್ತದೆ ಎಂದು ಅವರು ಚಿಕ್ಕವರಿದ್ದಾಗ ಯಾರೋ ಸಿಸ್ಟರ್ ಹೇಳಿಕೊಟ್ಟಿದ್ದರಂತೆ. ಅಂದಿನಿಂದ ದೊಡ್ಡಮ್ಮ ಪ್ರಸಾದವನ್ನು ಎಂದೂ ಅಗಿದವರಲ್ಲ. ನಾಲಿಗೆಯ ಮೇಲೆ ಕರಗಿಸಿ, ಕಣ್ಣು ಮುಚ್ಚಿ, ನುಂಗುತ್ತಿದ್ದರು.

ಹೋದ ವರ್ಷ ಮೇಲಿನ ಸಾಲು ಹಲ್ಲು ಪೂರ್ತಿ ಕಟ್ಟಿಸಿಕೊಂಡ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು. ಹೊಸ ಹಲ್ಲಿನ ಮೇಲೆ ಅವರಿಗೆ ಹಿಡಿತವಿರಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಕಟಕಟ ಅನ್ನುತ್ತಿತ್ತು. ಹಾಗಾಗಿ ಪ್ರಸಾದದ ಸಾಲಿಗೇ ಹೋಗದೆ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರತೊಡಗಿದರು. ಕೇಳಿದರೆ "ಮಂಡಿ ನೋವು" ಎನ್ನುತ್ತಿದ್ದರು.

ಆ ಭಾನುವಾರ ಅದೇನು ಧೈರ್ಯ ಬಂತೋ, ಎದ್ದು ಸಾಲಿನಲ್ಲಿ ನಿಂತರು. ಪ್ರಸಾದ ತೆಗೆದುಕೊಂಡರು. ತುಟಿ ಬಿಗಿಯಾಗಿ ಮುಚ್ಚಿಕೊಂಡು ಬೆಂಚಿಗೆ ಬಂದರು. ಆಮೇಲೆ ಬಾಯಿ ತೆಗೆಯಲೇ ಇಲ್ಲ.

ಮನೆಗೆ ಬಂದರೂ ಮಾತಿಲ್ಲ. ಕಾಫಿ ಬೇಡ. ಅವರಿಗಾಗಿಯೇ ಮಾಡಿದ್ದ ಹಂದಿ ಸಾರಿನ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಬಾಯಿ ಬಿಡಲಿಲ್ಲ.

"ಏನಾಯ್ತು ದೊಡ್ಡಮ್ಮ?" ಎಂದೆ.

ಅವರು ತಮ್ಮ ಬಾಯಿ ತೋರಿಸಿದರು. ಗೋಡೆಯ ಮೇಲಿನ ಶಿಲುಬೆ ತೋರಿಸಿದರು. ಆಮೇಲೆ ಬೆರಳನ್ನು ಮೇಲಕ್ಕೆ ಎತ್ತಿ ಹಿಡಿದರು.

ಆ ಸನ್ನೆ ನನಗೆ ಅರ್ಥವಾಗಿದ್ದು ಹೀಗೆ: ಊಟ ಬಿಟ್ಟೆ, ಯೇಸುವಿನ ಹತ್ತಿರ ಹೊರಟೆ, ಮೇಲಕ್ಕೆ ಹೋಗ್ತೀನಿ! ಓಡಿಹೋಗಿ ಆಪಾಳನ್ನು ಕರೆದೆ. ಆಕೆ ಬಂದು ದೊಡ್ಡಮ್ಮನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು.

"ಯಾ ಅಲ್ಲಾ, ಇದು ಲಕ್ವಾ ಕಣಮ್ಮ! ನಮ್ಮ ಮಾಮೂಗೂ ಹಿಂಗೇ ಆಗಿತ್ತು. ಜಲ್ದಿ ಆಟೋ ಕರಿ."

ದೊಡ್ಡಮ್ಮ ಜೋರಾಗಿ ತಲೆ ಅಲ್ಲಾಡಿಸಿದರು. "ನೋಡು, ತಲೆನೂ ನಡುಗ್ತಿದೆ" ಎಂದರು ಆಪಾ.

ಇಬ್ಬರೂ ಸೇರಿ ಅವರನ್ನು ಆಟೋಗೆ ತುಂಬಿಕೊಂಡು ಹೆಬ್ಬಾಳದ ಆಸ್ಪತ್ರೆಯ ಕಡೆ ಹೊರಟೆವು. ದಾರಿಯಲ್ಲಿ ನಮ್ಮ ಚರ್ಚ್ ಕಾಣಿಸಿದ್ದೇ ತಡ, ದೊಡ್ಡಮ್ಮ ಡ್ರೈವರನ ಬೆನ್ನಿಗೆ ಧಪಧಪ ಗುದ್ದಿದರು. ಲಕ್ವಾ ಹೊಡೆದ ಕೈಯಲ್ಲಿ ಅಷ್ಟು ಬಲ! ಆತ ಗಾಬರಿಯಿಂದ ಬ್ರೇಕ್ ಹಾಕಿದ.

ಫಾದರ್ ಊಟಕ್ಕೆ ಕೂರುವುದರಲ್ಲಿದ್ದರು. ದೊಡ್ಡಮ್ಮ ನೇರ ಅವರ ಮುಂದೆ ನಿಂತು, ತುಟಿ ಬಿಡದೆ ಗುಟುರು ಹಾಕಿದರು: "ಏಮುಮ್ಮಾಮಿ ಅಮ್ಕೊಮ್ಮಮ್ರೆ!"

"ಯೇಸುಸ್ವಾಮಿ..." ಎಂದರು ಫಾದರ್ ನಿಧಾನವಾಗಿ. "ಅಂಟ್ಕೊಂಡವ್ರೆ? ಎಲ್ಲಿಗಮ್ಮಾ?"

ದೊಡ್ಡಮ್ಮ ಮತ್ತೆ ಮೇಲಕ್ಕೆ ಬೆರಳು ತೋರಿಸಿದರು. ಈಗ ನನಗೂ ಹೊಳೆಯಿತು. ಸ್ವರ್ಗವಲ್ಲ, ಮೇಲಿನ ಹಲ್ಲಿನ ಸೆಟ್ಟು!

ಫಾದರ್ ನಗು ತಡೆದುಕೊಳ್ಳಲು ಪಟ್ಟ ಪಾಡು ನೋಡಲಾಗದು. "ಅಮ್ಮಾ, ರೊಟ್ಟಿ ರೂಪ ಇರೋವರೆಗೂ ಸ್ವಾಮಿ ಅದರಲ್ಲಿರ್ತಾರೆ. ಪೂಜೆ ಮುಗಿದು ಎಷ್ಟು ಹೊತ್ತಾಯ್ತು, ಯಾವಾಗಲೋ ಕರಗಿರುತ್ತೆ. ತಗೊಳ್ಳಿ, ಒಂದು ಲೋಟ ನೀರು ಕುಡೀರಿ."

ದೊಡ್ಡಮ್ಮ ಗಟಗಟ ಕುಡಿದು, ಬಾಯಿ ಆಡಿಸಿ, ಉಸಿರು ಬಿಟ್ಟರು.

"ದೇವರು ಶಿಕ್ಷೆ ಕೊಡ್ತಾರೆ ಅಂತ ಹೆದರಿದ್ರಾ?" ಎಂದು ಫಾದರ್ ಕೇಳಿದರು.

"ನನಗೇನ್ ಮಾಡ್ತಾನೆ ಅಂತ ಯೋಚನೆ ಇಲ್ಲ ಫಾದರ್. ಮಲಗೋವಾಗ ಹಲ್ಲು ಬಿಚ್ಚಿ ಲೋಟದ ನೀರಲ್ಲಿ ಹಾಕ್ತೀನಲ್ಲ? ಪಾಪ, ಅವನಿಗೆ ಉಸಿರು ಕಟ್ಟಲ್ವಾ?"

ಫಾದರ್‌ಗೆ ಆಗ ನಗು ಬರಲಿಲ್ಲ. ದೊಡ್ಡಮ್ಮನಿಗೆ ಕುರ್ಚಿ ಎಳೆದು ಕೊಟ್ಟರು. ಆಮೇಲೆ ಹೇಳಿದರು: "ಮೊಳೆ ಹೊಡೆಸ್ಕೊಂಡೋರು ಅವರು. ನಿಮ್ಮ ಹಲ್ಲಿಗೆ ಹೆದರ್ತಾರಾ? ಅವರಿಗೆ ನೋವಾಗಬಾರದು ಅಂತೀರಲ್ಲ, ಆ ಹೆದರಿಕೆ ಇರಲಿ. ಆದರೆ ಅದೇ ಹೆದರಿಕೆಯಿಂದ ಇಷ್ಟು ದಿನ ಅವರ ಹತ್ರಾನೇ ಬರ್ಲಿಲ್ಲ ನೋಡಿ, ಅದು ಅವರಿಗೆ ಜಾಸ್ತಿ ನೋವು."

"ಹಂಗಾದ್ರೆ ಅಗೀಬೋದಾ?"

"ಧಾರಾಳವಾಗಿ."

ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ನನಗೂ ದೇವರ ಭಯವಿದೆ, ಆದರೆ ಅದು ಹೆಲ್ಮೆಟ್ ಇಲ್ಲದವರಿಗೆ ಟ್ರಾಫಿಕ್ ಪೊಲೀಸರನ್ನು ಕಂಡರೆ ಆಗುವಂಥ ಭಯ. ದೇವರಿಗೆ ಏನಾದರೂ ಆದೀತು ಎಂದು ನಾನೆಂದೂ ಚಿಂತಿಸಿದವಳಲ್ಲ. ಕಾಯುತ್ತಿದ್ದ ಅದೇ ಆಟೋ ಹತ್ತುವಾಗ ದೊಡ್ಡಮ್ಮನ ಮೇಲೆ ಸ್ವಲ್ಪ ಅಸೂಯೆಯೇ ಆಯಿತು.

ಬೆಳಗಿನಿಂದ ಕಟ್ಟಿಟ್ಟ ಮಾತನ್ನೆಲ್ಲ ದೊಡ್ಡಮ್ಮ ದಾರಿಯುದ್ದಕ್ಕೂ ಆಪಾ ಮೇಲೆ ಸುರಿದರು. "ನನಗೆ ಲಕ್ವಾನಾ? ನಿಮ್ಮ ಮಾಮೂಗೂ ಹಲ್ಲೇ ಇರ್ಬೇಕು, ಸರಿಯಾಗಿ ಕೇಳಿ!"

ಇದನ್ನೆಲ್ಲ ಕನ್ನಡಿಯಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಡ್ರೈವರ್, ನಾವು ಇಳಿಯುವಾಗ ಮೆಲ್ಲಗೆ ಕೇಳಿದ: "ಅಕ್ಕಾ, ಆ ಫಾದರ್ ದಿನಾ ಸಿಗ್ತಾರಾ? ನಮ್ಮತ್ತೇನ ಕರ್ಕೊಂಡೋಗ್ಬೇಕಿತ್ತು. ಆದ್ರೆ ನಮ್ಮತ್ತೆ ಜಾಸ್ತಿ ಮಾತಾಡ್ತಾರೆ. ಉಲ್ಟಾನೂ ಮಾಡ್ತಾರಾ?"