ಹುಲ್ಲಿಗಿಂತ ಮೀನು ಸೋವಿಯಾದ ಊರು

ನನ್ನ ಮೊಮ್ಮಗಳು ನೀಲಾ ಮೊನ್ನೆ ಸೋಮವಾರ ಅಪ್ಪ ಅವ್ವನ ಜೊತೆ ನಮ್ಮ ಮನೆಗೆ ಬಂದಳು. ಸಮುದ್ರದ ಆಚೆ ಏಡನ್ನಿನಲ್ಲಿ ಹುಟ್ಟಿದ ಕೂಸು, ಎರಡೂವರೆ ವರ್ಷಕ್ಕೆ ಮೊದಲ ಸಲ ಸಾವಳಗಿಯ ಮಣ್ಣು ತುಳಿಯಿತು. ಬಸ್ಸಿನಿಂದ ಇಳಿದವಳನ್ನು ಯಾರ ಕೈಗೂ ಕೊಡದೆ ಮನೆಯತನಕ ನಾನೇ ಎತ್ತಿಕೊಂಡು ಬಂದೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೂ ಬರೆಯಲು ಕುಳಿತಿದ್ದೇನೆ. ನಮ್ಮ ಮನೆಯವರಿಗೆ ಹೇಳದೆ ಬಚ್ಚಿಟ್ಟಿದ್ದ ಒಂದು ಮಾತು ಅಂದೇ ಹೊರಗೆ ಬಿತ್ತು.

ನಾನು ಏಡನ್ನಿಗೆ ಹೋದದ್ದು ನಮ್ಮ ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯಕ್ಕೆ ಸೇರಿದ ಮೂರನೆಯ ವರ್ಷ. ಅಳಿಯಂದಿರು ಏಡನ್ ಬಂದರಿನಲ್ಲಿ ಕಾರಕೂನರು. ಮಗಳು ಶಾಂತಾ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕಾದವಳನ್ನು ಡಾಕ್ಟರರು ಹಡಗು ಹತ್ತಬೇಡ ಎಂದು ತಡೆದರು. ಮಗಳು ಬರಲಾಗದಿದ್ದರೆ ತವರೇ ಅಲ್ಲಿಗೆ ಹೋಗಬೇಕಲ್ಲ. ಜೋಳದ ಹಿಟ್ಟು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಣಂತಿಗೆ ಅಂಟಿನುಂಡಿ ಎಲ್ಲ ಕಟ್ಟಿಕೊಂಡು ಹೊರಟೆ. ನಮ್ಮ ಮನೆಯವರು ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವರು. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು.

"ಪರದೇಶ ಐತಿ. ಬಾಯಿ ಕೆಡಿಸ್ಕೊಂಡು ಬರಬ್ಯಾಡ."

ಏಡನ್ನಿನಲ್ಲಿ ಇಳಿದರೆ ಎಲ್ಲಿ ನೋಡಿದರೂ ಕರಿ ಗುಡ್ಡ, ಒಂದು ಹಸಿರು ಎಲೆ ಇಲ್ಲ. ಕುಡಿಯುವ ನೀರನ್ನು ಡಬ್ಬಿಯಲ್ಲಿ ಅಳೆದು ಮಾರುತ್ತಿದ್ದರು. ನಮ್ಮ ಸಂತೆಯಲ್ಲಿ ಕಾಯಿಪಲ್ಲೆ ಕೊಂಡರೆ ಮೇಲೆ ಕೊಸರು ಎಂದು ಒಂದು ಹಿಡಿ ಮೆಣಸಿನಕಾಯಿ ಹಾಕುತ್ತಾರೆ. ಅಲ್ಲಿ ಒಂದಾಣೆಗೆ ನಾಲ್ಕು ಮೆಣಸಿನಕಾಯಿ, ಅದೂ ಬಾಡಿದವು. ಅದೇ ಒಂದಾಣೆಗೆ ಬುಟ್ಟಿ ತುಂಬ ಮೀನು. ದಂಡೆಯ ಮೇಲೆ ಜೋಳದ ರಾಶಿ ಹಾಕಿದ ಹಾಗೆ ಮೀನು ಒಣಗಿಸುತ್ತಿದ್ದರು. ನಾನು ಮೂಗಿಗೆ ಸೆರಗು ಹಿಡಿದೇ ಓಡಾಡಿದೆ.

ಕೂಸು ಹುಟ್ಟಿದ ನಾಲ್ಕನೆಯ ದಿನ ಶಾಂತಾಗೆ ಜ್ವರ ಬಂದು ಎದೆಹಾಲು ನಿಂತಿತು. ಡಬ್ಬಿಯ ಹಾಲಿನ ಪುಡಿ ಕೂಸಿಗೆ ಒಗ್ಗಲಿಲ್ಲ, ಕುಡಿದದ್ದೆಲ್ಲ ಕಾರಿಕೊಂಡಿತು. ಅಳುವ ಶಕ್ತಿಯೂ ಇಲ್ಲದೆ ಬಾಡುತ್ತ ಬಂತು. ಆಗ ಪಕ್ಕದ ಮನೆಯ ಸಲ್ಮಾ ಎಂಬ ಅರಬರ ಹೆಣ್ಣುಮಗಳು ತನ್ನ ಆಕಳ ಹಾಲು ಒಂದು ಚರಿಗೆ ತಂದುಕೊಟ್ಟಳು. ಅವಳಿಗೆ ಒಂದಿಷ್ಟು ಹಿಂದುಸ್ತಾನಿ ಬರುತ್ತಿತ್ತು. ನನ್ನನ್ನು ಮಾಯಿ ಎಂದು ಕರೆಯುತ್ತಿದ್ದಳು. ದುಡ್ಡು ಮುಟ್ಟಲಿಲ್ಲ. ನೀರು ಬೆರೆಸಿ ಕಾಯಿಸಿ ಕುಡಿಸಿದೆವು. ಕೂಸಿಗೆ ಆ ಹಾಲು ಹತ್ತಿತು. ಹನ್ನೆರಡು ದಿನದಲ್ಲಿ ಗಲ್ಲ ತುಂಬಿದವು.

ಕೂಸನ್ನು ಉಳಿಸಿದ ಆಕಳಿಗೆ ಪೂಜೆ ಮಾಡದೆ ಇರಲು ಮನಸ್ಸು ಬರಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಅರಿಷಿಣ ಕುಂಕುಮ, ಒಂದು ಬಿಸಿ ರೊಟ್ಟಿ ಹಿಡಿದು ಸಲ್ಮಾಳ ಹಿತ್ತಲಿಗೆ ಹೋದೆ. ಸಣ್ಣ ಕೆಂದಾಕಳು, ಬುಟ್ಟಿಯಲ್ಲಿ ಬಾಯಿ ಹಾಕಿ ಮೇಯುತ್ತಿತ್ತು. ಹಣೆಗೆ ಕುಂಕುಮ ಹಚ್ಚಲು ಬಗ್ಗಿದೆ. ಅದು ತಲೆ ಎತ್ತಿತು. ಬಾಯಿಂದ ಮೀನಿನ ಬಾಲ ಜೋತಾಡುತ್ತಿತ್ತು.

ಕುಂಕುಮದ ಭರಣಿ ಕೈಯಿಂದ ಬಿತ್ತು. ಬುಟ್ಟಿಯ ತುಂಬ ಒಣ ಮೀನು. ನಮ್ಮ ಎತ್ತುಗಳು ಜೋಳದ ದಂಟಿನ ಕಣಿಕೆ ಅಗಿಯುವ ಹಾಗೆ ಆಕಳು ಕಣ್ಣು ಮುಚ್ಚಿ ಮೀನು ಅಗಿಯುತ್ತಿತ್ತು. ಮನೆಗೆ ಹೇಗೆ ಬಂದೆನೋ ತಿಳಿಯದು. ಆ ಹಾಲಿನದೇ ಚಹಾ, ಆ ಹಾಲಿನದೇ ಮೊಸರು ನಾನೂ ಹನ್ನೆರಡು ದಿನ ಉಂಡಿದ್ದೆ. ಚರಿಗೆಯಲ್ಲಿದ್ದುದನ್ನು ಮೋರಿಗೆ ಸುರಿದೆ.

"ನಿನಗ ಗೊತ್ತಿತ್ತೇನ?" ಎಂದು ಶಾಂತಾಳನ್ನು ಕೇಳಿದೆ.

"ಗೊತ್ತಿತ್ತು ಬೇ ಯವ್ವಾ. ಹೇಳಿದ್ರ ನೀ ಕೂಸಿಗಿ ಕುಡಸ್ತಿದ್ದೇನ?"

ಅಂದು ಕೂಸು ಮತ್ತೆ ಪುಡಿಯ ಹಾಲು ಕಾರಿಕೊಂಡಿತು. ಸಂಜೆ ಸಲ್ಮಾ ಬಂದು ನಡೆದದ್ದನ್ನು ಶಾಂತಾಳಿಂದ ಕೇಳಿಕೊಂಡು ಹೋದಳು. ಸಿಟ್ಟಾಗಲಿಲ್ಲ. ಮರುದಿನ ಬೆಳಿಗ್ಗೆ ಚರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮಾಯಿ, ರಾತ್ರಿಯಿಂದ ಬರೀ ಹುಲ್ಲು ಹಾಕಿದ್ದೇನೆ" ಎಂದು ಕೈಸನ್ನೆ ಮಾಡಿ ಹೇಳಿದಳು. ನನಗೆ ಜೀವ ಬಂದಂತಾಯಿತು. ಕೂಸಿಗೆ ಕುಡಿಸಿದೆ.

ಹುಲ್ಲು ಹಾಕತೊಡಗಿದ ನಾಲ್ಕನೆಯ ದಿನ ಅಳಿಯಂದಿರು ಉಣ್ಣುತ್ತ ಮೆಲ್ಲಗೆ ಹೇಳಿದರು. "ಅತ್ತಿ, ಇಲ್ಲಿ ಹುಲ್ಲು ಒಳನಾಡಿನಿಂದ ಒಂಟಿ ಬೆನ್ನ ಮ್ಯಾಲ ಬರ್ತೈತ್ರಿ. ಸಾಹೇಬರ ಕುದರಿಗಿ ಕೊಳ್ತಾರ. ಒಂದು ಕಟ್ಟು ಹುಲ್ಲಿನ ರೊಕ್ಕದಾಗ ಸಲ್ಮಾಳ ಮನಿ ಎರಡು ದಿನ ರೊಟ್ಟಿ ತಿಂತೈತಿ."

ಕೈ ತೊಳೆದು ಸಲ್ಮಾಳ ಮನೆಗೆ ಹೋದೆ. ಅವಳ ಮೂವರು ಮಕ್ಕಳು ಒಂದೇ ಹರಿವಾಣದ ಸುತ್ತ ಕುಳಿತಿದ್ದರು. ಹರಿವಾಣದಲ್ಲಿ ಬರೀ ಮೀನು, ರೊಟ್ಟಿ ಇರಲಿಲ್ಲ. ಹಿತ್ತಲಲ್ಲಿ ಆಕಳ ಮುಂದೆ ಹಸಿರು ಹುಲ್ಲು. ಆಕಳ ಮೇವು ಮಕ್ಕಳ ಮುಂದೆ, ಮಕ್ಕಳ ರೊಟ್ಟಿ ಆಕಳ ಬಾಯಲ್ಲಿ. ನನ್ನ ಮಡಿಯ ಸಲುವಾಗಿ ಮೂರು ಮಕ್ಕಳ ಹೊಟ್ಟೆ ಕಟ್ಟಿದೆನಲ್ಲ ಎಂದು ನಿಂತಲ್ಲೇ ನಾಚಿಕೆಯಾಯಿತು.

ಮೂಲೆಯಲ್ಲಿ ಮೀನಿನ ಬುಟ್ಟಿ ಇತ್ತು. ಅದನ್ನು ಎಳೆದು ತಂದು, ನನ್ನ ಕೈಯಿಂದಲೇ ಆಕಳ ಮುಂದೆ ಇಟ್ಟೆ. ಹುಟ್ಟಿದಾಗಿನಿಂದ ಮುಟ್ಟದ ವಸ್ತು. ಸಲ್ಮಾ "ಮಾಯಿ, ಮಾಯಿ" ಎಂದು ಓಡಿ ಬಂದು ನನ್ನ ಕೈ ಹಿಡಿದಳು. ಮನೆಗೆ ಹೋಗಿ ಉಳಿದ ಖಡಕ್ ರೊಟ್ಟಿಯೆಲ್ಲ ತಂದು ಅವಳ ಮಕ್ಕಳಿಗೆ ಕೊಟ್ಟೆ. ಆಮೇಲೆ ನಾನು ಅಲ್ಲಿದ್ದಷ್ಟು ದಿನವೂ ಕೂಸು ಅದೇ ಹಾಲು ಕುಡಿಯಿತು.

ಊರಿಗೆ ಬಂದು ಇದನ್ನು ಮಾತ್ರ ಬಾಯಿಬಿಡಲಿಲ್ಲ. ನಮ್ಮ ಮನೆಯವರು ನನ್ನ ಕೈಯ ನೀರು ಕುಡಿಯುತ್ತಾರೋ ಇಲ್ಲವೋ ಎಂಬ ಹೆದರಿಕೆ. ಸೋಮವಾರ ಸಂಜೆ ಅವರು ಮೊಮ್ಮಗಳನ್ನು ಕರೆದುಕೊಂಡು ಕೊಟ್ಟಿಗೆಗೆ ಹೋಗಿ ನಮ್ಮ ಕಪಿಲೆಗೆ ಕಣಿಕೆ ಹಾಕಿದರು. ನೀಲಾ ಅವರ ಧೋತರ ಜಗ್ಗಿ, "ಮುತ್ಯಾ, ಆಕಳಿಗಿ ಮೀನ ಹಾಕು" ಎಂದಳು.

"ಏನಂತೈತಿ ಇದು?" ಎಂದು ಅವರು ನನ್ನ ಮುಖ ನೋಡಿದರು. "ಊಟಕ್ಕ ಕುಂದರ್ರಿ, ಹೇಳ್ತೇನಿ" ಎಂದೆ.

ಗಂಡಸರದು ಆದ ಮೇಲೆ ಹೆಂಗಸರು ಉಣ್ಣುವುದು ನಮ್ಮ ಮನೆಯ ರೀತಿ. ಅಂದು ಸಂತೋಷಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತಿದ್ದೆವು. ನಾನು ಮೊದಲಿನಿಂದ ಎಲ್ಲ ಹೇಳಿದೆ, ಮಕ್ಕಳ ಹರಿವಾಣದ ಮಾತನ್ನೂ ಹೇಳಿದೆ. ನಮ್ಮ ಮನೆಯವರ ಕೈಯಲ್ಲಿ ತುತ್ತು ಹಾಗೇ ನಿಂತಿತ್ತು. ಅಳಿಯಂದಿರು ತಾಟಿನಿಂದ ಕಣ್ಣೆತ್ತಲಿಲ್ಲ. ಶಾಂತಾ ಸೆರಗಿನ ತುದಿ ಹಿಂಡುತ್ತಿದ್ದಳು. ಕಡೆಗೆ ನಮ್ಮ ಮನೆಯವರು ತುತ್ತು ಬಾಯಿಗಿಟ್ಟು ನುಂಗಿದರು.

"ಅಳಿಯಂದ್ರ," ಎಂದರು, "ಹೊಳ್ಳಿ ಹೋಗೂ ಮುಂದ ಹಡಗಿನ್ಯಾಗ ಒಂದ್ ಹೊರಿ ಕಣಿಕಿ ಒಯ್ಯಾಕ ಬರ್ತೈತೇನ್ರಿ?"

ಶಾಂತಾ ನಕ್ಕೇಬಿಟ್ಟಳು. ಅವರು ನಗಲಿಲ್ಲ, ಖರೆಯೇ ಕೇಳಿದ್ದರು. ನೀಲಾಳನ್ನು ತೊಡೆಯ ಮೇಲೆ ಎಳೆದುಕೊಂಡು ಕಪಿಲೆಯ ಹಾಲಿನ ಬಟ್ಟಲು ಅವಳ ಬಾಯಿಗೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ರೊಟ್ಟಿ ಹಾಕು" ಎಂದರು. ಹಾಕಿದೆ. ನನ್ನ ತಾಟಿಗೂ ಒಂದು ಹಾಕಿಕೊಂಡೆ.