ಅರ್ಧ ಕಪ್ಪು ಗಾಜು

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದು ಬಿಸಿಲು ಏರತೊಡಗಿತ್ತು. ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ನಮ್ಮ ಅತ್ತೆ ಒಮ್ಮೆಲೇ ಮಗನನ್ನು ಕರೆದರು.

"ಶಂಕ್ರ್ಯಾ, ನನ್ನ ಮಾಲಿ ಹಾಕೂ ಫೋಟೋ ಈಗ ತಗದಿಡಪಾ."

ನಮ್ಮ ಮನೆಯವರದು ಫೋಟೋ ಸ್ಟುಡಿಯೋ. ಮನೆಯ ಮುಂದಿನ ಕೋಣೆಯೇ ಅಂಗಡಿ. ಪಾಸ್‌ಪೋರ್ಟ್ ಫೋಟೋ, ಮದುವೆ, ಬಸುರಿಯರ ಕುಬಸ, ಹೆಸರಿಡುವ ಕಾರ್ಯಕ್ರಮ ಅವರ ಕೆಲಸ. ಇನ್ನೊಂದು ಕೆಲಸವೂ ಇದೆ. ಯಾರಾದರೂ ತೀರಿಕೊಂಡರೆ ಮನೆಯವರು ಹಳೆಯ ಗ್ರೂಪ್ ಫೋಟೋನೋ ಆಧಾರ್ ಕಾರ್ಡನ್ನೋ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿನ ಮುಖವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಬೇರೊಂದು ಮೈಗೆ ಜೋಡಿಸಿ, ಗಂಡಸಿಗೆ ಕೋಟು, ಹೆಂಗಸಿಗೆ ಜರಿ ಸೀರೆ ಉಡಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕಟ್ಟು ಹಾಕಿಸಿ ಕೊಡುವುದು. ಅತ್ತೆ ಬಾಗಿಲ ಬಳಿ ಕೂತು ಇದನ್ನೆಲ್ಲ ನೋಡಿದವರು.

"ಮೊನ್ನಿ ಆ ಮಗ್ಗದ ಮುದುಕಗ ಯಾರದೋ ಕೋಟ್ ಹಾಕಿ ಕೊಟ್ಟಿ. ಜೀವ ಇದ್ದಾಗ ಅಂವ ಅಂಗಿ ಗುಂಡಿನೂ ಹಾಕ್ತಿದ್ದಿಲ್ಲ. ಸ್ವಂತ ಹೇಣ್ತಿಗೆ ಗುರ್ತ ಹತ್ತಲಿಲ್ಲ. ನನಗ ಹಂಗ ಮಾಡಬ್ಯಾಡ."

"ಆತ ಬಿಡವ್ವಾ, ನಾಳೆ ಸ್ಟುಡಿಯೋದಾಗ ಕುಂಡ್ರು, ಛಲೋ ತಗೀತೀನಿ" ಎಂದರು ಇವರು.

"ಸ್ಟುಡಿಯೋದಾಗ ಒಲ್ಲೆ. ನನ್ನ ತವರಮನಿ ನೆಲದ ಮ್ಯಾಲ ತಗಿ. ಹೊಳಿ ಕಾಣಬೇಕು, ಮನಿ ಕಾಣಬೇಕು, ನಾ ಕಾಣಬೇಕು."

ಅತ್ತೆಯ ತವರು ಬೀಳಗಿ ತಾಲೂಕಿನ ಹೊಳೆದಂಡೆಯ ಊರು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಜನ ಬಾಗಿಲು, ಕಂಬ, ತೊಲೆಗಳನ್ನು ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಡಿಪಾಯದ ಕಲ್ಲುಗಳು ಮತ್ತೆ ಮೇಲೆ ಬರುತ್ತವೆ. ಆಗ ಹೆಣ್ಣುಮಕ್ಕಳು ಹೋಗಿ ತಮ್ಮ ತಮ್ಮ ತವರಿನ ಹೊಸ್ತಿಲ ಕಲ್ಲು ಹುಡುಕಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ ಬರುವುದು ರೂಢಿ.

ಇವರು ಮೊದಲು ಒಬ್ಬರೇ ಬೈಕಿನಲ್ಲಿ ಹೋಗಿ ಜಾಗ ನೋಡಿ, ಒಂದಿಷ್ಟು ಫೋಟೋ ತೆಗೆದು ಬಂದರು. ಹೊಳೆ, ನೆಲ ಎಲ್ಲ ಒಟ್ಟಿಗೆ ಬರಬೇಕೆಂದರೆ ಅಗಲ ಹಿಡಿಯುವ ವೈಡ್ ಲೆನ್ಸೇ ಬೇಕು. ಅದು ಇವರ ಬಳಿ ಇತ್ತು. ಮದುವೆಯ ಹಂದರವನ್ನು ಪೂರ್ತಿ ಹಿಡಿಯಲು ಬಳಸುತ್ತಿದ್ದರು. ಆದರೆ ಬಯಲಿನಲ್ಲಿ ಅದು ಮಾತು ಕೇಳಲಿಲ್ಲ. ನೆಲಕ್ಕೆ ಸರಿಯಾಗಿ ಬೆಳಕು ಇಟ್ಟರೆ ಆಕಾಶ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ, ಆಕಾಶಕ್ಕೆ ಇಟ್ಟರೆ ನೆಲ ಕರಿಮಸಿ.

ಜಮಖಂಡಿಯಲ್ಲಿರುವ ಇವರ ಗೆಳೆಯ ರಫೀಕ ಭಾಯಿಗೆ ಫೋನ್ ಹೋಯಿತು. ಅವರದೂ ಸ್ಟುಡಿಯೋನೇ. ಸೂಟಿ ಸಿಕ್ಕರೆ ಸಾಕು, ಗುಡ್ಡ, ಹೊಳೆ, ಮೋಡದ ಫೋಟೋ ತೆಗೆಯುತ್ತ ತಿರುಗುವ ಹುಚ್ಚು. ಭಾನುವಾರ ಒಂದು ಚೀಲ ಹೊತ್ತು ಬಂದರು. ನಾನು ಚುರಮುರಿ ಒಗ್ಗರಣೆ ಹಾಕಿ, ಚಹಾ ಮಾಡಿಕೊಂಡು ಮಾಳಿಗೆಗೆ ಹೋದರೆ ಇಬ್ಬರೂ ಮಗ್ಗದ ಶೆಡ್ಡುಗಳ ಮೇಲಿನ ಆಕಾಶಕ್ಕೆ ಕ್ಯಾಮೆರಾ ಹಿಡಿದು ಕೂತಿದ್ದರು.

ಮೊದಲು ಆಕಾಶದ ಹೊಳಪು ತಗ್ಗಿಸಲು ಲೆನ್ಸಿನ ಮೂತಿಗೆ ತಿರುಪಿ ಹಾಕುವ ದುಂಡನೆಯ ಗಾಜಿನ ಫಿಲ್ಟರ್ ಹಾಕಿ ನೋಡಿದರು. ಆಕಾಶ ಒಂದು ಕಡೆ ಗಾಢ ನೀಲಿ, ಇನ್ನೊಂದು ಕಡೆ ಬಣ್ಣ ಹೋದ ಸೀರೆಯ ಹಾಗೆ ಬಂತು. "ಅಗಲ ಲೆನ್ಸಿಗೆ ಇದರ ಆಟ ನಡಿಯಂಗಿಲ್ಲ" ಎಂದು ಭಾಯಿ ಅದನ್ನು ತೆಗೆದಿಟ್ಟರು. ಆಮೇಲೆ ಹೋಲ್ಡರ್. ಅದೊಂದು ಚೌಕಟ್ಟು, ಲೆನ್ಸಿನ ಮುಂದೆ ಕೂರಿಸಿ, ಅದರ ಸಂದಿನಲ್ಲಿ ಚೌಕ ಗಾಜನ್ನು ಮೇಲಿಂದ ಇಳಿಸುವುದು. ಚಿಕ್ಕ ಹೋಲ್ಡರ್ ಹಾಕಿದಾಗ ಫೋಟೋದ ನಾಲ್ಕೂ ಮೂಲೆಗಳಲ್ಲಿ ಕಪ್ಪು ಕೂತಿತು.

"ಯಾಕೋ ಇದು?" ಇವರು ಕೇಳಿದರು.

"ಲೆನ್ಸ್ ಅಷ್ಟ ಅಗಲ ನೋಡತೈತಿ ಅಂದ್ರ ತನ್ನ ಕೊರಳಾಗಿನ ಚೌಕಟ್ಟನ್ನೂ ನೋಡತೈತಿ. ದೊಡ್ಡದು ಹಾಕು. ಗಾಜು ಇಳಸೂ ಸಂದು ಒಂದ ಇರಲಿ. ಚೌಕಟ್ಟು ದಪ್ಪ ಆದಷ್ಟು ಮೂಲಿ ಕೆಡತಾವ."

ದೊಡ್ಡ ಹೋಲ್ಡರಿನಲ್ಲಿ ಮೂಲೆಗಳು ಸ್ವಚ್ಛವಾದವು. ಇನ್ನು ಗಾಜಿನ ಆಯ್ಕೆ. ಎರಡಿದ್ದವು. ಎರಡೂ ಮೇಲರ್ಧ ಕಪ್ಪು, ಕೆಳಗರ್ಧ ತಿಳಿ ಗಾಜು. ಒಂದರಲ್ಲಿ ಕಪ್ಪು ಮೆಲ್ಲಗೆ ಕರಗುತ್ತ ಬರುತ್ತದೆ. ಇನ್ನೊಂದರಲ್ಲಿ ನಡುವೆ ಗೆರೆ ಕೊರೆದಂತೆ ನಿಲ್ಲುತ್ತದೆ.

"ಗುಡ್ಡ ಇದ್ರ ಮೆತ್ತಗಿಂದು. ಹೊಳಿ ಇದ್ರ ನೀರಿನ ಗೆರಿ ನೆಟ್ಟಗ ಇರತೈತಿ, ಅಲ್ಲಿ ಈ ಬಿಗಿ ಗೆರಿದು ಹಾಕು. ಕಪ್ಪು ಭಾಗ ಬರೋಬ್ಬರಿ ನೀರಿನ ಗೆರಿಗೆ ಕೂಡಿಸು. ಆಕಾಶದ ಬೆಳಕು ಹೆಂಗ ಇಳಿತೈತಿ ನೋಡು" ಎಂದರು ಭಾಯಿ.

ಕೆಳಗೆ ಬಂದ ಮೇಲೆ ಅತ್ತೆ ಆ ಗಾಜನ್ನು ಇಸಿದುಕೊಂಡು ಕಣ್ಣಿಗೆ ಹಿಡಿದರು. "ಯವ್ವಾ, ಬಿಸಿಲ ತಂಪಾತಲ್ಲ! ರಫೀಕ, ಇದನ್ನ ನನಗ ಕೊಟ್ಟ ಹೋಗು, ಸಂತಿಗೆ ಹೋಗಾಕ ಬೇಕು."

"ಅವ್ವಾ, ಇದನ್ನ ಹಾಕ್ಕೊಂಡ ಸಂತಿಗೆ ಹ್ವಾದ್ರ ಕೊಳತ ಬದನಿಕಾಯಿ ತರ್ತೀರಿ" ಎಂದು ಭಾಯಿ ನಕ್ಕರು. ಹೋಗುವಾಗ ಹೋಲ್ಡರನ್ನೂ ಬಿಗಿ ಗೆರೆಯ ಗಾಜನ್ನೂ ಇವರ ಬಳಿ ಬಿಟ್ಟು ಹೋದರು. ನಾನು ಹಳೆಯ ಮೆತ್ತನೆಯ ಸೀರೆ ಹರಿದು ಆ ಗಾಜಿಗೊಂದು ಚೀಲ ಹೊಲಿದೆ.

ಮರುವಾರ ನಸುಕಿನಲ್ಲೇ ಬಾಡಿಗೆ ಗಾಡಿಯಲ್ಲಿ ಹೊರಟೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡಿದ್ದೆ. ಅತ್ತೆ ಟ್ರಂಕಿನ ತಳದಿಂದ ಹಸಿರು ಇಳಕಲ್ ಸೀರೆ ತೆಗೆದು ಉಟ್ಟಿದ್ದರು. ಗಾಡಿ ಜಮಖಂಡಿ, ಬೀಳಗಿ ದಾಟಿತು. ಹೊಳೆಯ ನೀರು ದೂರದಲ್ಲಿ ಹೊಳೆದಾಗ ಅತ್ತೆ ನನ್ನ ಕೈ ಹಿಡಿದರು.

ಕರಿಮಣ್ಣು ಬಿರುಕು ಬಿಟ್ಟಿತ್ತು. ನಾವು ಅಲ್ಲಿ ಇಲ್ಲಿ ನೋಡುವಷ್ಟರಲ್ಲಿ ಅತ್ತೆ ಯಾರನ್ನೂ ಕೇಳದೆ ನೆಟ್ಟಗೆ ನಡೆದು ಒಂದು ಕಲ್ಲಿನ ಮುಂದೆ ನಿಂತರು. ಚಪ್ಪಲಿ ಕಳಚಿದರು. ಕಲ್ಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಅದನ್ನು ತುಳಿಯದೆ ದಾಟಿ ಒಳಗೆ ಹೋದರು. ಒಳಗೆ ಎಂದರೆ ಅಲ್ಲಿ ಏನೂ ಇಲ್ಲ. ಬರೀ ಬಯಲು.

ಇವರು ಹೊಸ್ತಿಲ ಕಲ್ಲು ಮುಂದೆ ದೊಡ್ಡದಾಗಿ ಕಾಣಲಿ ಎಂದು ಕ್ಯಾಮೆರಾದ ಸ್ಟ್ಯಾಂಡನ್ನು ಸೊಂಟದ ಮಟ್ಟಕ್ಕೆ ಇಳಿಸಿದರು. ಹೋಲ್ಡರ್ ಕೂರಿಸಿ, ಗಾಜು ಇಳಿಸಿ, ಕಪ್ಪು ಅರ್ಧವನ್ನು ಹೊಳೆಯ ಗೆರೆಗೆ ಸರಿಯಾಗಿ ಕೂಡಿಸಿದರು.

"ಯವ್ವಾ, ಒಂದೀಟ ಹಿಂದ ಸರಿ."

"ಹಿಂದ ಅಡಗಿಮನಿ ಐತಿ. ಅಡಗಿಮನ್ಯಾಗ ನಿಂತು ಫೋಟೋ ತಗಸ್ಕೋತಾರೇನ ಹುಚ್ಚಾ? ಪಡಸಾಲ್ಯಾಗ ನಿಲ್ತೀನಿ."

"ಹಂಗಾದ್ರ ಎಡಕ್ಕ ಬಾ."

"ಎಡಕ್ಕ ನಮ್ಮಪ್ಪ ಕುಂಡ್ರತಿದ್ದ."

ಕಡೆಗೆ ಅವರು ನಿಂತ ಜಾಗಕ್ಕೇ ಕ್ಯಾಮೆರಾ ಸರಿಯಿತು. ನನ್ನ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಅತ್ತೆಯ ಚಪ್ಪಲಿ. ಮೊಬೈಲು ಗಾಡಿಯಲ್ಲಿ ಚಾರ್ಜಿಗೆ ಇತ್ತು. ಅತ್ತೆ ಸೆರಗು ಹೊದ್ದು, ಕೈ ಜೋಡಿಸಿ ನಿಂತರು. ಅವರ ಮುಖದ ಮೇಲೆ ಅಂಥ ಕಳೆಯನ್ನು ನಾನು ಮನೆಯಲ್ಲಿ ಯಾವತ್ತೂ ಕಂಡಿರಲಿಲ್ಲ. ಹರೆಯದ ಹುಡುಗಿ ಹಬ್ಬಕ್ಕೆ ತವರಿಗೆ ಬಂದಿಳಿದು ಬಾಗಿಲಲ್ಲಿ ನಿಂತ ಹಾಗೆ. ಇವರು ಮೇಲಿಂದ ಮೇಲೆ ಫೋಟೋ ತೆಗೆದರು. ಬಿಸಿಲಿನ ಹೊಳಪಿಗೆ ಕ್ಯಾಮೆರಾದ ಪರದೆ ಸರಿಯಾಗಿ ಕಾಣದೆ, ಅಂಗೈ ಅಡ್ಡ ಹಿಡಿದು ನೋಡಿ, "ನಾಕೂ ಮೂಲಿ ಸ್ವಚ್ಛ ಬಂದಾವು, ಆಕಾಶಂತೂ ಚಿತ್ರ ಬರದಂಗೈತಿ" ಎಂದು ಹಿಗ್ಗಿದರು. ಅತ್ತೆ ಹೊರಡುವಾಗ ಹಿಂದಿರುಗಿ ನೋಡಲಿಲ್ಲ.

ಸಂಜೆ ಕಂಪ್ಯೂಟರಿನಲ್ಲಿ ಫೋಟೋ ತೆರೆದರು. ನಾನು ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದೆ. ಆಕಾಶ ನೀಲಿಯಾಗಿ ಇಳಿದಿತ್ತು. ಹೊಳೆ ಹೊಳೆಯುತ್ತಿತ್ತು. ಹೊಸ್ತಿಲಿನ ಕುಂಕುಮ ಈಗಷ್ಟೇ ಇಟ್ಟಂತೆ ಕೆಂಪಗಿತ್ತು. ಅತ್ತೆಯ ಬರಿಗಾಲು, ಸೀರೆಯ ನೆರಿಗೆ ಎಲ್ಲ ಸ್ಪಷ್ಟ. ಸೊಂಟದಿಂದ ಮೇಲೆ ಅವರು ಕತ್ತಲಲ್ಲಿದ್ದರು.

ಇವರು ಒಂದೊಂದೇ ಫೋಟೋ ತೆರೆದು ನೋಡಿದರು. ಆಮೇಲೆ ತಾವೇ ಹೇಳಿದರು: ಕ್ಯಾಮೆರಾ ಕೆಳಗಿಟ್ಟಿದ್ದರಿಂದ ಹೊಳೆಯ ಗೆರೆ ಅವ್ವನ ಸೊಂಟಕ್ಕೆ ಬಂತು. ಆಕಾಶಕ್ಕೆಂದು ಇಳಿಸಿದ ಕಪ್ಪು ಅವಳ ಮುಖದ ಮೇಲೂ ಇಳಿಯಿತು. ಎಲ್ಲ ಫೋಟೋಗಳಲ್ಲೂ ಹಾಗೆಯೇ. ಕಂಪ್ಯೂಟರಿನಲ್ಲಿ ಬೆಳಕು ಏರಿಸಿದರೆ ಮುಖ ಬೂದಿ ಬಳಿದಂತಾಗಿ, ಗಲ್ಲದ ಮೇಲೆಲ್ಲ ಬಣ್ಣದ ಕಾಳು ಎದ್ದವು. ಹೆಂಡತಿ ಮಕ್ಕಳಿಗಿಂತ ಹೆಚ್ಚಾಗಿ ಜನರ ಮುಖ ನೋಡುತ್ತ ಬದುಕಿದ ಮನುಷ್ಯ. ಮದುಮಗಳ ಮೂಗಿನ ಕೆಳಗೆ ಎಳೆಯಷ್ಟು ನೆರಳು ಬಿದ್ದರೂ ಲೈಟು ಸರಿಸುವವರು.

ಭಾಯಿಗೆ ಫೋನ್ ಮಾಡಿದರು. "ನನ್ನ ಫೋಟೋದಾಗ ಮನಷ್ಯಾರ ಇರಂಗಿಲ್ಲಪಾ ಶಂಕ್ರಪ್ಪ. ನನಗ ಹೊಳಿ ಒಂದ ಕಾಣಿಸ್ತು, ಅವ್ವ ನಿಲ್ತಾಳ ಅನ್ನೂದು ತಲ್ಯಾಗ ಬರಲಿಲ್ಲ" ಎಂದರಂತೆ ಭಾಯಿ.

ಅತ್ತೆ ದಿನಾಲೂ ಕೇಳುತ್ತಿದ್ದರು. ಕಡೆಗೆ ಇವರು ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. ನಾದಿನಿಯ ಮಗಳ ಮದುವೆಯ ಫೋಟೋದಿಂದ ಅವ್ವನ ಮುಖ ಕತ್ತರಿಸಿ, ಇದಕ್ಕೆ ಕೂಡಿಸಿ, ಪ್ರಿಂಟ್ ತೆಗೆದು ಕೊಟ್ಟರು. ಸಂದು ಎಲ್ಲಿದೆಯೆಂದು ನನಗೂ ತಿಳಿಯಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ಈ ಮುಖ ಮದವಿ ಊಟಕ್ಕ ಹೊಂಟೈತಿ ಶಂಕ್ರ್ಯಾ. ತವರಮನಿಗೆ ಬಂದ ಮುಖ ಅಲ್ಲ ಇದು."

ಇವರು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದರು. ಅತ್ತೆ ಸಿಟ್ಟಾಗಲಿಲ್ಲ. ಮಗನ ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು, ಇನ್ನೊಮ್ಮಿ ಹೋಗೂಣಂತ" ಎಂದರು.

ಮುಂದೆ ಮದುವೆಗಳ ಗಡಿಬಿಡಿ. ಅದು ಮುಗಿಯುವಷ್ಟರಲ್ಲಿ ಅತ್ತೆಗೆ ಮೊಣಕಾಲು ಬಾತು ಎದ್ದು ನಿಲ್ಲುವುದೇ ಕಷ್ಟವಾಯಿತು. ಅಷ್ಟರಲ್ಲಿ ಮಹಾರಾಷ್ಟ್ರದ ಕಡೆ ಮಳೆಯಾಗಿ ಹೊಳೆ ತುಂಬಿತು. ಪುನರ್ವಸತಿಯಲ್ಲಿರುವ ಅತ್ತೆಯ ತಮ್ಮ, ಇವರ ಸೋದರಮಾವ, ಫೋನಿನಲ್ಲಿ "ಅಕ್ಕಾ, ನಮ್ಮನಿಗೆ ನೀರ ಬಂತು" ಎಂದರು. ಅತ್ತೆ "ಬರೂ ಬ್ಯಾಸಿಗಿಗೆ ಬರ್ತೀನಿ" ಎಂದು ಉತ್ತರ ಕೊಟ್ಟರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದಾಗ ಅವರು ಏಳಲಿಲ್ಲ.

ಮೂರನೆಯ ದಿನಕ್ಕೆ ಫೋಟೋ ಇಡಬೇಕು. ಇವರು ಕಂಪ್ಯೂಟರಿನಲ್ಲಿ ಹೊಳೆದಂಡೆಯ ಫೋಟೋ ತೆರೆದಾಗ ಬೀಗರು, ಬಳಗದವರು ಸ್ಟುಡಿಯೋದಲ್ಲಿ ತುಂಬಿದ್ದರು. "ಮುಖಾ ಕಾಣವಲ್ದಲ್ಲೋ, ಬ್ಯಾರೆ ಹಾಕು" ಎಂದರು ಒಬ್ಬರು. "ಮಾಮಾ, ಮೊಬೈಲ್‌ದಾಗ ಈಗ ಎಂಥೆಂಥಾ ಆ್ಯಪ್ ಅದಾವು, ಹೊಸಾ ಮುಖಾನ ಮಾಡಿಕೊಡ್ತಾವು" ಎಂದಳು ನಾದಿನಿಯ ಮಗಳು. ಇವರು, "ಅವ್ವ ಬ್ಯಾಡಂದಾಳ" ಎಂದಷ್ಟೇ ಹೇಳಿ, ಆ ಕತ್ತಲ ಫೋಟೋವನ್ನೇ ಏನೂ ತಿದ್ದದೆ ದೊಡ್ಡದು ಮಾಡಿ ಕಟ್ಟು ಹಾಕಿಸಿದರು.

ಬಂದವರು ಕೈಮುಗಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಿದ್ದರು. ಸೋದರಮಾವ ಮಾತ್ರ ಫೋಟೋದ ಮುಂದೆ ಕೂತುಬಿಟ್ಟರು. ಅವರ ಬೆರಳು ಮುಖದ ಕಡೆ ಹೋಗಲೇ ಇಲ್ಲ. ಕೆಳಗೆ, ಕಾಲುಗಳ ಹತ್ತಿರ ಆಡಿತು. "ಪಡಸಾಲ್ಯಾಗ ನಿಂತಾಳ ನೋಡು. ಅಪ್ಪನ ಜಾಗಾ ಬಿಟ್ಟು ನಿಂತಾಳ" ಎಂದು ಹೇಳಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಆಗ ಇವರೂ ಅತ್ತರು. ಮಣ್ಣು ಕೊಡುವಾಗಲೂ ಅಳದವರು.

ಈ ಬೇಸಿಗೆಯಲ್ಲೂ ನೀರು ಇಳಿದಿದೆ ಎಂದು ಸೋದರಮಾವ ಫೋನ್ ಮಾಡಿದ್ದರು. ಇವರು ಹೋಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಫೋಟೋ ಪಡಸಾಲೆಯ ಗೋಡೆಯ ಮೇಲಿದೆ. ದಿನಾ ಬೆಳಿಗ್ಗೆ ಹೂ ಬದಲಿಸುವ ಮೊದಲು ಗಾಜು ಒರೆಸುತ್ತೇನೆ. ಅತ್ತೆಯ ಮುಖವಿರುವ ಜಾಗ ಕಪ್ಪಗಿರುವುದರಿಂದ ಅಲ್ಲಿ ನನ್ನ ಮುಖವೇ ಮೂಡುತ್ತದೆ. ಮೊದಮೊದಲು ಬೆಚ್ಚುತ್ತಿದ್ದೆ. ಈಗ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಆ ಕಪ್ಪಿನೊಳಗೆ ಅತ್ತೆಯ ಮೂಗುತಿಯ ಒಂದು ಚುಕ್ಕೆ ಮಿನುಗುತ್ತದೆ. ಮಿಕ್ಕ ಮುಖವನ್ನು ನಾನು ಕಂಡಿದ್ದೇನೆ. ಆ ದಿನ ಅವರ ಎದುರಿಗೆ ನಿಂತವಳು ನಾನು. ಇವರು ಕ್ಯಾಮೆರಾದಲ್ಲಿ ಮೂಲೆಗಳನ್ನು ನೋಡುತ್ತಿದ್ದರು. ಎಷ್ಟೋ ಸಲ ಊಟಕ್ಕೆ ಕೂತಾಗ ಇವರು ಕೇಳುತ್ತಾರೆ, "ಅವತ್ತ ಅವ್ವ ಹೆಂಗ ಕಾಣಾಕತ್ತಿದ್ಲು?" ನಾನು ಹೇಳುತ್ತೇನೆ. ಮುಂದಿನ ಸಲ ಮತ್ತೆ ಕೇಳುತ್ತಾರೆ. ಮತ್ತೆ ಹೇಳುತ್ತೇನೆ.