ಸೆರಗಿನ ಹಿಂದಿನ ಮಾತು

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಪಕ್ಕದ ಮನೆಯ ಆಯಿಯ ಹೆಬ್ಬೆರಳಿನಲ್ಲಿ ನೂಲು ಕೊರೆದ ಗೀರು ಎಷ್ಟು ಆಳವಾಗಿತ್ತೆಂದರೆ, ಎಣ್ಣೆ ಹಾಕಿ ಬತ್ತಿ ಇಟ್ಟಿದ್ದರೆ ದೀಪ ಉರಿಯುತ್ತಿತ್ತು. ಬನಹಟ್ಟಿಯಲ್ಲಿ ಜೀವಮಾನವೆಲ್ಲ ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಕೈ ಅದು. ಈಗ ಆ ಕೈ ಇಲ್ಲ. ಅದೇ ಕೈ ದಿನಾ ಸಂಜೆ ನನ್ನ ಸೋರುವ ಕಿವಿಗಳಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿತ್ತು. ಆ ವಾಸನೆಗೆ ಮುಧೋಳದ ಬೇಟೆನಾಯಿಯೂ ಬಾಲ ಮುದುರಿ ಬೀಳಗಿ ಬಸ್ಸು ಹತ್ತಬೇಕು.

ಹತ್ತನೆಯ ಇಯತ್ತೆಯಲ್ಲಿ ಎಡಗಿವಿಯ ಹಿಂದೆ ಗಂಟೊಂದು ಎದ್ದಿತು. ಕಲ್ಲಿನಷ್ಟು ಗಟ್ಟಿ, ನೋವಿಲ್ಲ. “ಕೊಂಬ ಬರಾಕತ್ತೈತಿ ನೋಡ್ರಲೇ,” ಎಂದು ಶಾಲೆಯಲ್ಲಿ ಮೆರೆದೆ. ಮುಟ್ಟಬೇಕೆಂದರೆ ಪೇರಲಹಣ್ಣು ತರಬೇಕು. ಅದು ಬರೀ ಎಲುಬಿನ ಗಂಟು, ಬಹಳ ಅಪರೂಪದ್ದು, ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಕೇಡು ಅದರ ಕೆಳಗೆ ಕೂತಿತ್ತು. ಕಿವಿಯೊಳಗಿನ ಕೀವು ಎಲುಬು ತಿನ್ನುತ್ತ ಮಿದುಳಿನ ಕಡೆಗೆ ಹೊರಟಿತ್ತು.

ಕಿವಿ ಹೋಗುತ್ತಿರುವುದು ಅಲ್ಲಿಯವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ನಮ್ಮ ಓಣಿಯಲ್ಲಿ ಮನೆಮನೆಗೂ ಕರೆಂಟಿನ ಮಗ್ಗ; ಆ ಕಟಕಟದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತೇವೆ. ಅದರಲ್ಲಿ ನಾನು ಊರಿಗೇ ಮೊದಲಿಗ. ಹಾಗಾಗಿ ನನಗೇ ತಿಳಿಯಲಿಲ್ಲ.

ಒಂದು ಸಂಜೆ ಆಯಿಯ ಹೆಬ್ಬೆರಳು ಗಂಟಿನ ಮೇಲೆ ನಿಂತಿತು.

“ಇದೇನಲೇ?”

“ಬುದ್ಧಿ ಹೆಚ್ಚಾಗಿ ಹೊರಗ ಬಂದೈತಿ, ಆಯಿ.”

ಆಯಿ ನಗಲಿಲ್ಲ. ಎಣ್ಣೆಯ ಬಟ್ಟಲು ಕೆಳಗಿಟ್ಟಳು. “ಇನ್ನ ಎಣ್ಣಿ ಬಿಡೂದಿಲ್ಲ. ನಿಮ್ಮಪ್ಪಗ ಹೇಳು.”

“ಹೇಳಿದ್ರ ದವಾಖಾನಿಗೆ ಒಯ್ತಾನ. ತಲಿ ಕೊಯ್ತಾರ. ಕೊಂಬ ಹೋದ್ರ ಪೇರಲಹಣ್ಣೂ ಹೋಗ್ತಾವ!”

ಅಷ್ಟರಲ್ಲಿ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಾಲಡಿಯ ನೆಲದ ನಡುಕ ನಿಂತಾಗಲೇ ನನಗದು ಗೊತ್ತಾಗಿದ್ದು. ಆಯಿ ನನ್ನನ್ನೇ ನೋಡುತ್ತ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಸೆರಗು ಅಲುಗಿತು. ಮಾತು ಬರಲಿಲ್ಲ.

“ಖರೇನ ಮಾತಾಡಬೇ ಆಯಿ, ಬರೇ ಅರಿವಿ ಅಲಗಿಸಬ್ಯಾಡ,” ಎಂದು ನಕ್ಕೆ.

ಸೆರಗು ಮತ್ತೆ ಅಲುಗಿತು. ಎಲ್ಲೋ ದೂರದಲ್ಲಿ ನೊಣ ಹಾರಿದಂತಾಯಿತು, ಅಷ್ಟೆ. ಅವಳ ಕಣ್ಣು ತುಂಬಿತು. ನನ್ನ ನಗು ಬಾಯಲ್ಲೇ ಉಳಿಯಿತು.

ಆಯಿ ಮೆಲ್ಲಗೆ ಸೆರಗು ಇಳಿಸಿ ನನ್ನ ಬೆನ್ನ ಹಿಂದೆ ನೋಡಿದಳು. ತುಟಿ ಓದಿದೆ.

“ಆಗಳಿಂದ ನಿನ್ನ ಹೆಸರ ಹಿಡದ ಕರಿಯಾಕತ್ತಾನಲ್ಲೋ, ಕೂಸ.”

ತಿರುಗಿದೆ. ಬಾಗಿಲಲ್ಲಿ ಅಪ್ಪ ನಿಂತಿದ್ದ. ಅವನ ಬಾಯಿ ಇನ್ನೂ ತೆರೆದೇ ಇತ್ತು.